ಮೂತ್ರದ ಪಟ್ಟಿ ಪಾಸಿಟಿವ್ ಬಂತೆಂದು ಹೆಸರು ಹೊಡೆಯಬೇಡಿ

ಓಎಸ್‌ಟಿ ಕೇಂದ್ರಕ್ಕೆ, ಅಂದರೆ ಬ್ರೌನ್ ಶುಗರ್ (ಹೆರಾಯಿನ್) ವ್ಯಸನಕ್ಕೆ ಬದಲಿ ಔಷಧವಾಗಿ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುವ ಕಡೆಗೆ, ಹೊಸದಾಗಿ ಬಂದ ಸಿಬ್ಬಂದಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇಲ್ಲಿ ಬ್ಯುಪ್ರೆನಾರ್ಫಿನ್ ತಗೊಂಡು ಹೊರಗೆ ಬ್ರೌನ್ ಶುಗರ್ ಎಳೆಯೋನಿಗೆ ಮಾತ್ರೆ ಯಾಕೆ ಕೊಡ್ಬೇಕು?"

ಹಾಗೆ ಹೊರಗೆ ಎಳೆಯುವವರಿಗೆ ನಾವು ಕೊಡುವ ಡೋಸ್ ಸಾಲುತ್ತಿದೆಯೇ, ಮೊದಲು ನೋಡಿ. ದಿನಕ್ಕೆ 4 ಮಿ.ಗ್ರಾಂ.ನಲ್ಲೇ ನಿಲ್ಲಿಸಿದವರಿಗೆ ಸಂಜೆಯಷ್ಟರಲ್ಲಿ ಮೈಕೈ ನೋವು, ಆಕಳಿಕೆ ಶುರುವಾಗಿರಬಹುದು. ಹಲವರಿಗೆ 8ರಿಂದ 16 ಬೇಕಾಗುತ್ತದೆ. ಮಾತ್ರೆ ನಾಲಿಗೆಯಡಿ 5-10 ನಿಮಿಷ ಕರಗಬೇಕು. ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ವ್ಯರ್ಥ. ಕೌಂಟರಿನ ಗಡಿಬಿಡಿಯಲ್ಲಿ ನಾವೇ ನುಂಗಿಸಿ ಕಳಿಸಿ, ಆಮೇಲೆ ರೋಗಿಯ ಮೇಲೆ ಗೂಬೆ ಕೂರಿಸುವುದುಂಟು.

ಮೂತ್ರ ಪರೀಕ್ಷೆ ಶಿಕ್ಷೆಗಲ್ಲ, ಒಪ್ಪಿಗೆ ಕೇಳಿಯೇ ಮಾಡಬೇಕು. ಮೂತ್ರದಲ್ಲಿ ಮಾರ್ಫಿನ್ ಪತ್ತೆಹಚ್ಚುವ ಪಟ್ಟಿ, ನಶೆಗೆ ಬಳಸುವ ನೋವಿನ ಮಾತ್ರೆಗಳಾದ ಟ್ರಮಡಾಲ್, ಟಪೆಂಟಡಾಲ್ ಹಿಡಿಯುವುದಿಲ್ಲ. ಹಾಗಾಗಿ ನೆಗೆಟಿವ್ ಬಂದವರೆಲ್ಲ ಬಿಟ್ಟಿದ್ದಾರೆಂದೂ ಅಲ್ಲ. ಪಾಸಿಟಿವ್‌ಗೆ ಹೊರಹಾಕುವ ಕಡೆ ರೋಗಿಗಳು ಸುಳ್ಳು ಹೇಳುವುದನ್ನಷ್ಟೇ ಕಲಿಯುತ್ತಾರೆ.

ಆ ದಿನದ ಮಾತ್ರೆ ತಡೆಯಬೇಕಾದ ಸಂದರ್ಭ ಒಂದಿದೆ: ಎದುರಿಗೆ ನಿಂತವರು ತೂಕಡಿಸುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಉಸಿರು ನಿಮಿಷಕ್ಕೆ 12ಕ್ಕಿಂತ ಕಡಿಮೆಯಿದ್ದರೆ. ಮದ್ಯ ಅಥವಾ ಅಲ್ಪ್ರಜೋಲಾಮ್, ನೈಟ್ರಜೆಪಾಮ್‌ನಂಥ ನಿದ್ದೆ ಮಾತ್ರೆ ಜೊತೆ ಸೇರಿದಾಗ ಬ್ಯುಪ್ರೆನಾರ್ಫಿನ್ ಕೂಡ ಉಸಿರು ನಿಲ್ಲಿಸಬಲ್ಲದು. ಹಾಗೆಂದು ಮನೆಗೆ ಅಟ್ಟಬೇಡಿ. ಕೂರಿಸಿ, ವೈದ್ಯರಿಗೆ ತೋರಿಸಿ, ಗಂಟೆ ಬಿಟ್ಟು ಮತ್ತೆ ನೋಡಿ. ಉಸಿರು ಕುಗ್ಗುತ್ತಾ ಹೋದರೆ ಮೊದಲು ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಜೊತೆಗೆ ಈ ಔಷಧಗಳ ಪರಿಣಾಮ ತಡೆಯುವ ನಲೋಕ್ಸೋನ್. ಬ್ಯುಪ್ರೆನಾರ್ಫಿನ್ ಮಿದುಳಿನ ಗ್ರಾಹಕಗಳಿಗೆ ಬಿಗಿಯಾಗಿ ಅಂಟಿಕೊಳ್ಳುವುದರಿಂದ 0.4 ಮಿ.ಗ್ರಾಂ. ಒಂದು ಆಂಪೂಲ್ ಸಾಲದೆ ಹೋಗಬಹುದು.

ಐದು ದಿನಕ್ಕಿಂತ ಹೆಚ್ಚು ತಪ್ಪಿಸಿ ಬಂದವರಿಗೆ ಹಳೆಯ ಡೋಸ್ ಕೊಡಬೇಡಿ. ಈ ನಡುವೆ ಹೆರಾಯಿನ್ ಸೇದಿದ್ದರೆ ಸುಮಾರು 12 ಗಂಟೆ ಕಳೆದು, ವಿತ್‌ಡ್ರಾವಲ್ (ನಶೆ ಇಳಿದಾಗಿನ ತೊಂದರೆ) ಲಕ್ಷಣ ಕಣ್ಣಿಗೆ ಕಂಡ ಮೇಲೆ 2 ಮಿ.ಗ್ರಾಂ.ನಿಂದ ಮತ್ತೆ ಶುರು. ಮುಂಚೆಯೇ ಕೊಟ್ಟರೆ ವಾಂತಿ, ನಡುಕ ಒಮ್ಮೆಲೇ ಬಂದು, ಆ ಮನುಷ್ಯ ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲ.

ಹೆಸರು ಹೊಡೆಯುವುದರ ಕಾನೂನಿನ ಪರಿಣಾಮ ಬಹಳ ಜನಕ್ಕೆ ಗೊತ್ತಿಲ್ಲ. ಮಾದಕ ವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ಣಗೊಳಿಸದಿದ್ದರೆ ಅದನ್ನು ಹಿಂಪಡೆಯಲೂಬಹುದು. ನಾವು ಹೊರಹಾಕಿದರೆ ಆ ರಕ್ಷಣೆಯನ್ನೂ ಅಪಾಯಕ್ಕೆ ದೂಡಿದಂತೆ.

ತಾಯಿ ಬಂದು "ಇನ್ನೂ ತಗೊಳ್ತಾನಾ?" ಎಂದರೆ ಕರಗಿ ಹೇಳಿಬಿಡುವುದು ಸುಲಭ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಹೇಳುವ ಕೆಲವು ಸಂದರ್ಭ ಬಿಟ್ಟರೆ, ರೋಗಿಯ ಒಪ್ಪಿಗೆ ಇಲ್ಲದೆ ಅದನ್ನು ಹೇಳುವಂತಿಲ್ಲ. "ಅವನನ್ನೇ ಕರ್ಕೊಂಡು ಬನ್ನಿ ಅಮ್ಮಾ, ಅವನು ಒಪ್ಪಿದರೆ ಮೂವರೂ ಕೂತು ಮಾತಾಡೋಣ" ಎಂದರೆ ಸಾಕು.