ಕತ್ತಿನ ಪೈಪು, ಕೈಯ ಫಿಸ್ಟುಲಾ

ನಾನು ಡಯಾಲಿಸಿಸ್ ಟೆಕ್ನೀಷಿಯನ್. ಮಂಡ್ಯ ಕಡೆಯ ಒಂದು ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬೆಳಿಗ್ಗೆ ಬಂದವಳು ಮೊದಲು ನೀರು ಶುದ್ಧ ಮಾಡುವ ಆರ್‌ಓ ಪ್ಲಾಂಟ್ ಆನ್ ಮಾಡುತ್ತೇನೆ. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆ, ಒಬ್ಬರ ರಕ್ತ ತೊಳೆಯಲು ಹತ್ತಿರ ಹತ್ತಿರ 120 ಲೀಟರ್ ಶುದ್ಧ ನೀರು ಬೇಕು. ನೀರು ಸರಿ ಇಲ್ಲದಿದ್ದರೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ.

ಹೊಸದಾಗಿ ಬಂದವರು ಮೊದಲ ದಿನ ಕೇಳುವುದು ಒಂದೇ ಮಾತು. "ಎಷ್ಟು ಸಲ ಮಾಡಿಸಿದ್ರೆ ವಾಸಿ ಆಗುತ್ತೆ ಸಿಸ್ಟರ್?" ಹಾವು ಕಚ್ಚಿದವರು, ಜೋರು ವಾಂತಿಭೇದಿ ಆದವರಲ್ಲಿ ಕೆಲವರಿಗೆ ಕಿಡ್ನಿ ಮತ್ತೆ ಕೆಲಸ ಶುರು ಮಾಡುತ್ತದೆ. ಅಂಥವರು ಕೈಮುಗಿದು ಮನೆಗೆ ಹೋಗುವುದನ್ನು ನೋಡಿದ್ದೇನೆ. ಆದರೆ ಶುಗರ್, ಬಿಪಿಯಿಂದ ನಿಧಾನವಾಗಿ ಹಾಳಾದ ಕಿಡ್ನಿ ಹಾಗೆ ತಿರುಗಿ ಬರುವುದಿಲ್ಲ. ಡಾಕ್ಟರು ಹೇಳಿರುತ್ತಾರೆ. ಆದರೂ ನಮ್ಮನ್ನು ಕೇಳುತ್ತಾರೆ. ನಾವಾದರೂ ಬೇರೆ ಉತ್ತರ ಕೊಡುತ್ತೇವೇನೋ ಅನ್ನುವ ಆಸೆ.

ಹಾಗೆ ಕೇಳಿದವರಲ್ಲಿ ಒಬ್ಬ ಹುಡುಗನ ಬಗ್ಗೆ ಬರೆಯಬೇಕು. ಇಪ್ಪತ್ತೊಂಬತ್ತು ವಯಸ್ಸು. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇತ್ತು. ಆ ವಯಸ್ಸಿಗೆ ಬಿಪಿ ಯಾರು ಚೆಕ್ ಮಾಡಿಸುತ್ತಾರೆ, ಅಲ್ವಾ? ತಲೆನೋವು ಅಂತ ಮಾತ್ರೆ ನುಂಗಿಕೊಂಡು ದಿನ ತಳ್ಳಿದ್ದಾನೆ. ಉಸಿರು ಕಟ್ಟಿ ಬಂದಾಗ ಎರಡೂ ಕಿಡ್ನಿ ಹೋಗಿದ್ದವು. ತುರ್ತಿಗೆ ಕತ್ತಿನಲ್ಲಿ ಪೈಪ್ ಹಾಕಿ ಡಯಾಲಿಸಿಸ್ ಶುರು ಮಾಡಿದರು.

ಆ ಪೈಪು ಕೆಲವು ವಾರಗಳ ಮಟ್ಟಿಗೆ ಮಾತ್ರ. ಅಷ್ಟರೊಳಗೆ ಕೈಯಲ್ಲಿ ಫಿಸ್ಟುಲಾ ಮಾಡಿಸಬೇಕು. ಚಿಕ್ಕ ಆಪರೇಷನ್. ಕೈಯ ಅಪಧಮನಿಗೆ ಪಕ್ಕದ ಅಭಿಧಮನಿಯನ್ನು ಸೇರಿಸಿ ಹೊಲಿಯುತ್ತಾರೆ. ರಭಸದ ರಕ್ತ ನುಗ್ಗಿ ಆರೆಂಟು ವಾರದಲ್ಲಿ ನರ ದಪ್ಪವಾಗುತ್ತದೆ. ಆಮೇಲೆ ಅಲ್ಲಿಗೇ ಸೂಜಿ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ. ಇನ್‌ಫೆಕ್ಷನ್ ಭಯವೂ ತುಂಬಾ ಕಡಿಮೆ.

ಅವನು ಒಪ್ಪಲಿಲ್ಲ. "ಕೈಗೆ ಆಪರೇಷನ್ ಮಾಡಿಸ್ಕೊಂಡ್ರೆ ಇನ್ಮೇಲೆ ಇದೇ ನನ್ನ ಬದುಕು ಅಂತ ಒಪ್ಕೊಂಡಂಗೆ ಅಲ್ವಾ ಅಕ್ಕ? ಹೆಂಗೂ ಕಿಡ್ನಿ ಹಾಕಿಸ್ತೀವಿ. ಅಲ್ಲೀವರ್ಗೂ ಕತ್ತಿಂದೇ ಸಾಕು."

ಈ ಮಾತನ್ನು ನಾನು ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಇವನ ಅಮ್ಮ ಕೊಡಲು ಸಿದ್ಧವಿದ್ದರು, ಅವರಿಗೆ ಶುಗರ್. ಅಣ್ಣನ ರಕ್ತದ ಗುಂಪು ಹೊಂದಲಿಲ್ಲ. ಕೊನೆಗೆ 'ಜೀವಸಾರ್ಥಕತೆ' ಪಟ್ಟಿಯಲ್ಲಿ ಹೆಸರು ಬರೆಸಿದರು. ಮೆದುಳು ನಿಷ್ಕ್ರಿಯವಾದವರ ಮನೆಯವರು ದಾನ ಮಾಡುವ ಅಂಗಗಳನ್ನು ನಮ್ಮ ರಾಜ್ಯದಲ್ಲಿ ಅದರ ಮೂಲಕವೇ ಹಂಚುವುದು. ಬರೆಸಿದ್ದು ಒಳ್ಳೆಯದೇ. ಯಾರೇ ಕೇಳಿದರೂ ನಾನು ಬರೆಸಿ ಅಂತಲೇ ಹೇಳುತ್ತೇನೆ. ಆದರೆ ಹೆಸರು ಬರೆಸಿದ ದಿನದಿಂದ ಇವನು ಬೇರೆಲ್ಲವನ್ನೂ ನಿಲ್ಲಿಸಿಬಿಟ್ಟ. ಅಂಗಡಿಗೆ ಬೀಗ ಹಾಕಿದ. ಫೋನನ್ನು ಎದೆ ಮೇಲೆ ಇಟ್ಟುಕೊಂಡೇ ಮಲಗುತ್ತಿದ್ದ. ನೀರಿಗೆ ಅಳತೆ ಇಲ್ಲ. ಕಿಡ್ನಿ ಹೋದವರಿಗೆ ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಎರಡು ದಿನ ಬಿಟ್ಟು ಬಂದರೆ ತೂಕ ನಾಲ್ಕು, ನಾಲ್ಕೂವರೆ ಕೆ.ಜಿ. ಜಾಸ್ತಿ. ಅಷ್ಟನ್ನೂ ನಾಲ್ಕು ಗಂಟೆಯಲ್ಲಿ ತೆಗೆಯಲು ಹೋದರೆ ಬಿಪಿ ಕುಸಿಯುತ್ತದೆ, ಮೀನಖಂಡ ಹಿಡಿದುಕೊಂಡು ಕಿರುಚುತ್ತಾನೆ. ಕಾಲು ಒತ್ತುತ್ತಾ ನಾನು ಎಷ್ಟು ಸಲ ಅವನ ಪಕ್ಕ ನಿಂತಿದ್ದೇನೋ.

ಅವನ ಪಕ್ಕದ ಬೆಡ್ಡಿನಲ್ಲಿ ರಿಟೈರ್ಡ್ ಮೇಷ್ಟ್ರೊಬ್ಬರು. ಡಯಾಲಿಸಿಸ್ ಶುರುವಾಗಿ ಎಂಟು ವರ್ಷ. ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಅವರ ಹೆಸರೂ ಪಟ್ಟಿಯಲ್ಲಿದೆ. ಒಂದು ದಿನ ಹುಡುಗ ಕೇಳಿಯೇಬಿಟ್ಟ, ಫೋನ್ ಬರುತ್ತಾ ಅಂತ ನೀವು ಕಾಯೋದಿಲ್ವಾ ಸಾರ್ ಅಂತ. "ಬಂದ್ರೆ ಹೋಗ್ತೀನಪ್ಪ. ಆದ್ರೆ ಹುಳ ನಾಲ್ಕನೇ ಜ್ವರದಿಂದ ಎದ್ದವೆ. ಅವಕ್ಕೆ ಇವತ್ತೇ ಸೊಪ್ಪು ಬೇಕು" ಅಂದರು. ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಬುದ್ಧಿವಾದ ಹೇಳುವ ದನಿ ಅಲ್ಲ ಅದು. ನಿಜಕ್ಕೂ ಅವರಿಗೆ ಸೊಪ್ಪಿನ ಚಿಂತೆ ಇತ್ತು.

ಮೇಷ್ಟ್ರ ಹೆಂಡತಿಯ ಕಷ್ಟ ಇನ್ನೊಂದು. ಕಿಡ್ನಿ ಹೋದವರಿಗೆ ಪೊಟ್ಯಾಸಿಯಂ ವಿಷ. ಜಾಸ್ತಿಯಾದರೆ ಹೃದಯವೇ ನಿಲ್ಲಬಹುದು. ತೆಂಗಿನ ತೋಟದ ನಡುವೆ ಮನೆ, ಎಳನೀರು ಮುಟ್ಟುವ ಹಾಗಿಲ್ಲ. ತರಕಾರಿಯನ್ನು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಬಸಿದು ಚೆಲ್ಲಬೇಕು. ನಮ್ಮ ಕಡೆಯವರಿಗೆ ಇದು ಎಂಥ ಮಾತು ಅಂತ ಗೊತ್ತಲ್ಲ. ಬಸಿದ ಆ ನೀರೇ ಬಸ್ಸಾರು! ಪಲ್ಯ ಉಳಿಸಿಕೊಂಡು ಸಾರು ಚೆಲ್ಲಿ ಅಂದರೆ ಯಾವ ಹೆಂಗಸಿಗೆ ಕೈ ಬರುತ್ತದೆ? ಆಯಮ್ಮ ಮೊದಲ ಸಲ ಚೆಲ್ಲುವಾಗ ಅತ್ತರಂತೆ. ಈಗ ಇಬ್ಬರಿಗೂ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಾರೆ. ಅವರದು ಅವರಿಗೆ, ಇವರದು ಇವರಿಗೆ.

ಮೂರನೇ ತಿಂಗಳು ನಾನು ಹೆದರಿದ್ದೇ ಆಯಿತು. ಮಷಿನ್‌ಗೆ ಹಾಕಿ ಅರ್ಧ ಗಂಟೆ ಆಗಿರಲಿಲ್ಲ, ಹುಡುಗ ಗಡಗಡ ನಡುಗಲು ಶುರು ಮಾಡಿದ. ಮೂರು ಕಂಬಳಿ ಹೊದಿಸಿದರೂ ಮಂಚ ಅಲ್ಲಾಡುತ್ತಿತ್ತು. ಕತ್ತಿನ ಪೈಪಿನಿಂದ ಸೋಂಕು ರಕ್ತಕ್ಕೆ ಇಳಿದಿತ್ತು. ಮೈಸೂರಿಗೆ ಕಳಿಸಿದೆವು. ಹತ್ತು ದಿನ ಅಲ್ಲೇ. ಆ ಪೈಪು ತೆಗೆದು, ಆಚೆ ಬದಿಗೆ ಹೊಸದು ಹಾಕಿಸಿಕೊಂಡು ಬಂದ. ಮುಖ ಅರ್ಧ ಆಗಿತ್ತು.

ಅವತ್ತು ಅವನು ಯಾರ ಜೊತೆಯೂ ಮಾತಾಡಲಿಲ್ಲ. ಡಯಾಲಿಸಿಸ್ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ, ಕೈ ತೋರಿಸಿ ಸಾರ್ ಅಂದ. ಅವರು ಶರ್ಟಿನ ತೋಳು ಮಡಚಿದರು. ಮೊದಲು ಬೆರಳಿಟ್ಟು ನೋಡಿದ. ಆಮೇಲೆ ಬಗ್ಗಿ ಕಿವಿ ಇಟ್ಟ. ಫಿಸ್ಟುಲಾ ಒಳಗೆ ರಕ್ತ ಹರಿಯುವ ಸದ್ದು ಜೇನುಗೂಡಿನ ಹಾಗೆ ಗುಂಯ್ ಅನ್ನುತ್ತದೆ. ಬಹಳ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಮುಂದಿನ ತಿಂಗಳು ಅವನ ಕೈಗೆ ಆಪರೇಷನ್ ಆಯಿತು.

ಕೈಯಲ್ಲಿ ಚೆಂಡು ಹಿಚುಕುತ್ತಾ ನರ ದಪ್ಪವಾಗಲು ಕಾಯುವ ವಾರಗಳಲ್ಲಿ ಅವನಿಗೆ ನಾನು ಓದಿದ್ದನ್ನೆಲ್ಲ ಹೇಳುತ್ತಿದ್ದೆ. 1960ರವರೆಗೆ ಹೀಗೆ ವಾರ ವಾರ ಡಯಾಲಿಸಿಸ್ ಮಾಡಲು ದಾರಿಯೇ ಇರಲಿಲ್ಲ. ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕಿತ್ತು. ನಾಲ್ಕಾರು ಸಲಕ್ಕೆ ಜಾಗವೇ ಮುಗಿಯುತ್ತಿತ್ತು. ಆ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ಡಾಕ್ಟರು ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಉಳಿಯುವ ಹಾಗೆ ಜೋಡಿಸಿದರು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್. ಮೆಷಿನಿಸ್ಟ್ ಕೆಲಸದವರು. ಅದಾದ ಮೇಲೆ ಹನ್ನೊಂದು ವರ್ಷ ಬದುಕಿದರು. ಈಗಿನ ಫಿಸ್ಟುಲಾ ಬಂದದ್ದು 1966ರಲ್ಲಿ, ನ್ಯೂಯಾರ್ಕಿನಲ್ಲಿ. "ಹನ್ನೊಂದು ವರ್ಷಾನಾ?" ಅಂತ ಎರಡು ಸಲ ಕೇಳಿದ. ಆ ಪ್ರಶ್ನೆ ನನಗೆ ತುಂಬಾ ಹಿಡಿಸಿತು. ಅಲ್ಲಿಯವರೆಗೆ ಅವನು ದಿನದ ಲೆಕ್ಕ ಮಾತ್ರ ಕೇಳುತ್ತಿದ್ದ.

ಅವನಿಗೆ ಹೇಳುತ್ತಾ ಹೇಳುತ್ತಾ ನನ್ನ ಬದುಕು ನನಗೇ ಕಾಣತೊಡಗಿತು. ನಾನು ಗುತ್ತಿಗೆ ನೌಕರಳು. ಸಂಬಳ ಎರಡು ಮೂರು ತಿಂಗಳು ತಡವಾಗುವುದು ಮಾಮೂಲು. ಕೆಲಸಕ್ಕೆ ಸೇರಿದಾಗ ಒಂದು ರೂಮು ಹಿಡಿದಿದ್ದೆ. ಒಂದು ಚಾಪೆ, ಒಂದು ಸ್ಟೌವ್. ಆರು ವರ್ಷ ಸೂಟ್‌ಕೇಸಿನಿಂದಲೇ ಬಟ್ಟೆ ತೆಗೆದು ಹಾಕಿಕೊಂಡೆ. ಊರಿನಲ್ಲಿ ಅಮ್ಮ ಒಬ್ಬರೇ. "ಖಾಯಂ ಆಗ್ಲಿ ಅಮ್ಮ, ಆಮೇಲೆ ಕರ್ಕೊಂಡ್ ಬರ್ತೀನಿ" ಅಂತ ಪ್ರತಿ ಯುಗಾದಿಗೆ ಹೇಳುತ್ತಿದ್ದೆ. ನಾನೂ ಕತ್ತಿನ ಪೈಪಿನಲ್ಲೇ ಬದುಕಿದ್ದೆ.

ಮನವಿ ಕೊಡುವುದನ್ನು ನಾವ್ಯಾರೂ ಬಿಟ್ಟಿಲ್ಲ. ಕೊಡಲೇಬೇಕು, ಅದು ನಮ್ಮ ಹಕ್ಕು. ಆದರೆ ಆ ವರ್ಷ ದಸರಾ ರಜೆಯಲ್ಲಿ ಎರಡು ಕೋಣೆಯ ಮನೆ ಹುಡುಕಿದೆ. ನನ್ನ ಸಂಬಳಕ್ಕೆ ಬಾಡಿಗೆ ಸ್ವಲ್ಪ ಜಾಸ್ತಿಯೇ. ಅಮ್ಮ ಬಂದ ವಾರವೇ ಹಿತ್ತಲಲ್ಲಿ ಕರಿಬೇವಿನ ಗಿಡ ನೆಟ್ಟರು. ಬಾಡಿಗೆ ಮನೆಗೆ ಗಿಡ ಯಾಕಮ್ಮ ಅಂದೆ. "ಸಾರಿಗೆ ಬೇಡ್ವೇನೇ?" ಅಂದರು.

ಹುಡುಗ ಈಗ ಸೋಮವಾರ, ಬುಧವಾರ, ಶುಕ್ರವಾರ ಮೊದಲ ಪಾಳಿಗೆ ಬರುತ್ತಾನೆ. ಸಣ್ಣ ಸ್ಟೀಲ್ ಲೋಟದಲ್ಲಿ ಅಳೆದು ನೀರು ಕುಡಿಯುತ್ತಾನೆ. ಅಂಗಡಿ ಬಾಗಿಲು ಮತ್ತೆ ತೆರೆದಿದೆ.

ಕಳೆದ ತಿಂಗಳು ಅವನ ಫೋನ್ ನಿಜವಾಗಿಯೂ ಬಡಿಯಿತು. ಒಂದು ಕಿಡ್ನಿ ಬಂದಿದೆ, ನೀವು ಪಟ್ಟಿಯಲ್ಲಿ ಎರಡನೆಯವರು, ಬಂದು ಸಿದ್ಧವಾಗಿರಿ ಅಂತ. ರಾತ್ರೋರಾತ್ರಿ ಕಾರು ಮಾಡಿಕೊಂಡು ಬೆಂಗಳೂರಿಗೆ ಹೋದರು. ಮೊದಲನೆಯವರಿಗೇ ಎಲ್ಲ ಹೊಂದಿತು. ಬೆಳಿಗ್ಗೆ ಆರೂವರೆಗೆ ನಮ್ಮ ವಾರ್ಡಿನ ಬಾಗಿಲಲ್ಲಿ ಅವನು ನಿಂತಿದ್ದ. ಕಣ್ಣು ಕೆಂಪಗಿತ್ತು.

"ಸಿಗ್ಲಿಲ್ಲ ಅಕ್ಕ."

ನನಗೆ ಏನು ಹೇಳಬೇಕೋ ತೋಚಲಿಲ್ಲ. ಅವನೇ ಹೋಗಿ ತೂಕದ ಮಷಿನ್ ಮೇಲೆ ನಿಂತ. "ಒಂದೂವರೆನೇ ಜಾಸ್ತಿ ಇರೋದು. ದಾರೀಲಿ ಜಾಸ್ತಿ ನೀರು ಕುಡೀಲಿಲ್ಲ." ಬೆಡ್ ಮೇಲೆ ಕೂತು ಎಡಗೈ ಚಾಚಿದ. ನಾನು ಸೂಜಿ ಹಾಕುವಾಗ ಕೇಳಿದ, "ಹನ್ನೊಂದಕ್ಕೆ ಬಿಡ್ತೀರಲ್ವಾ? ಒಬ್ರಿಗೆ ಡಿಸ್‌ಪ್ಲೇ ಹಾಕ್ಕೊಡ್ತೀನಿ ಅಂತ ಹೇಳಿದ್ದೆ."