ಕೊಲೊನೋಸ್ಕೋಪಿಗೆ ಮುಂಚೆ ನಾನು ಸರಿಯಾಗಿ ಕೇಳದೇ ಬಿಟ್ಟ ಪ್ರಶ್ನೆ

ನಾನು ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸ್. ಕೊಲೊನೋಸ್ಕೋಪಿ ಅಂದರೆ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ. ಅದಕ್ಕೆ ಮುಂಚೆ ಭೇದಿ ಮಾಡಿಸುವ ಪೌಡರ್ ನೀರು ಕುಡಿದು ಕರುಳು ಖಾಲಿ ಮಾಡಿಕೊಳ್ಳುವುದು ಹೇಗೆ ಅಂತ ಹೇಳಿಕೊಡುವುದು ನನ್ನ ಕೆಲಸ. ಮೊದಲೆಲ್ಲ ಚೀಟಿ ಕೊಟ್ಟು, "ಏನಾದರೂ ಔಷಧಿ ತಗೊಳ್ತಿದ್ದೀರಾ?" ಅಂತ ಕೇಳುತ್ತಿದ್ದೆ. "ಇಲ್ಲ" ಅಂದರೆ ಮುಂದಿನವರನ್ನು ಕರೆಯುತ್ತಿದ್ದೆ.

ಅರವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಿದ್ದರು. ನೋವಿಲ್ಲ, ಮಲದಲ್ಲಿ ರಕ್ತ ಕಂಡಿಲ್ಲ, ಸುಸ್ತು ಮಾತ್ರ. ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ ಪರೀಕ್ಷೆ ಪಾಸಿಟಿವ್ ಬಂದಿತ್ತು. (ಪಾಸಿಟಿವ್ ಬಂದರೆ ಕೆಲವರು "ಇನ್ನೊಂದು ಸಲ ಫಿಟ್ ಮಾಡಿ ನೋಡೋಣ" ಅಂತಾರೆ. ದಯವಿಟ್ಟು ಬೇಡ. ಎರಡನೇದು ನೆಗೆಟಿವ್ ಬಂದರೂ ಮೊದಲನೇದು ಸುಳ್ಳಾಗುವುದಿಲ್ಲ. ಕೊಲೊನೋಸ್ಕೋಪಿ ಆಗಲೇಬೇಕು.) ಔಷಧಿ ಏನಾದರೂ ಇದೆಯಾ ಅಂತ ಕೇಳಿದೆ. ಇಲ್ಲ ಅಂದರು.

ಪರೀಕ್ಷೆಯ ದಿನ ಕರುಳಿನ ಎಡಭಾಗ ಪರವಾಗಿಲ್ಲ ಅನ್ನುವಷ್ಟು ಕ್ಲೀನಾಗಿತ್ತು. ಬಲಭಾಗಕ್ಕೆ ಹೋದರೆ ಗೋಡೆಗೆಲ್ಲ ಕಪ್ಪಗೆ, ಡಾಂಬರು ಬಳಿದ ಹಾಗೆ ಮಲ ಅಂಟಿತ್ತು. ನೀರು ಚಿಮ್ಮಿಸಿದೆವು, ಹೀರಿದೆವು. ಜಗ್ಗಲಿಲ್ಲ. ಎಷ್ಟು ಕ್ಲೀನಾಗಿದೆ ಅಂತ ಕರುಳಿನ ಮೂರು ಭಾಗಕ್ಕೂ 0 ರಿಂದ 3 ರವರೆಗೆ ಅಂಕ ಕೊಡುವ ಬಾಸ್ಟನ್ ಸ್ಕೇಲ್‌ನಲ್ಲಿ ಬಲಭಾಗಕ್ಕೆ ಬಿದ್ದಿದ್ದು 0. ಡಾಕ್ಟರ್ ನಿಲ್ಲಿಸಿಬಿಟ್ಟರು.

ಮಂಪರು ಇಳಿದ ಮೇಲೆ ಆಕೆ ಅತ್ತರು. "ಒಂದು ತೊಟ್ಟೂ ಬಿಡದೆ ಕುಡಿದಿದ್ದೆ ಸಿಸ್ಟರ್." ಮಲ ಯಾಕೆ ಅಷ್ಟು ಕಪ್ಪಗಿತ್ತು ಅಂತ ಕೇಳಿದಾಗ ಪರ್ಸಿನಿಂದ ಒಂದು ಮಾತ್ರೆ ಶೀಟ್ ತೆಗೆದರು. "ಇದು ಔಷಧಿ ಅಲ್ಲ ಅಲ್ವಾ? ರಕ್ತ ಕಮ್ಮಿ ಅಂತ ಕೊಟ್ಟ ಶಕ್ತಿ ಮಾತ್ರೆ."

ಕಬ್ಬಿಣದ ಮಾತ್ರೆ. ಅದು ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುತ್ತದೆ. ಸುಮಾರು ಒಂದು ವಾರ ಮುಂಚೆ ನಿಲ್ಲಿಸಬೇಕಿತ್ತು. ನನಗೆ ಜಾಸ್ತಿ ನೋವಾಗಿದ್ದು ಇನ್ನೊಂದು ಕಾರಣಕ್ಕೆ. ಬಲಭಾಗದಲ್ಲಿ ಮಲ ಇನ್ನೂ ನೀರಾಗಿರುತ್ತದೆ, ಕರುಳಿನಲ್ಲಿ ಜಾಗವೂ ದೊಡ್ಡದು. ಅಲ್ಲಿ ಗಡ್ಡೆ ಬೆಳೆದರೆ ಬೇಗ ಅಡ್ಡಗಟ್ಟುವುದಿಲ್ಲ. ಸದ್ದಿಲ್ಲದೆ ರಕ್ತ ಒಸರುತ್ತದೆ, ರಕ್ತಹೀನತೆ ಬರುತ್ತದೆ, ಕಬ್ಬಿಣದ ಮಾತ್ರೆ ಶುರುವಾಗುತ್ತದೆ. ಅಂದರೆ ಬಲಭಾಗ ಯಾರಿಗೆ ಚೆನ್ನಾಗಿ ಕಾಣಲೇಬೇಕೋ ಅವರೇ ಈ ಮಾತ್ರೆ ನುಂಗುತ್ತಿರುತ್ತಾರೆ!

ಹತ್ತು ದಿನ ಬಿಟ್ಟು ಮತ್ತೆ ಕರೆಸಿದೆವು. ಮಾತ್ರೆ ನಿಲ್ಲಿಸಿದ್ದಾರಾ ಅಂತ ನಾನೇ ಎರಡು ಸಲ ಫೋನ್ ಮಾಡಿದೆ. ಪೌಡರ್ ನೀರನ್ನು ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕೈದು ಗಂಟೆ ಮುಂಚೆ ಕುಡಿಸಿದೆವು. ಎಲ್ಲ ರಾತ್ರಿಯೇ ಮುಗಿಸಿದರೆ, ಬೆಳಗಾಗುವಷ್ಟರಲ್ಲಿ ಸಣ್ಣ ಕರುಳಿನಿಂದ ಪಿತ್ತ ಇಳಿದು ಬಲಭಾಗಕ್ಕೇ ಮೆತ್ತಿಕೊಳ್ಳುತ್ತದೆ.

ಈ ಸಲ ಗೋಡೆ ಗುಲಾಬಿ ಬಣ್ಣದಲ್ಲಿ ಫಳಫಳ ಅಂತಿತ್ತು. ಹಿಂದೆ ಕಪ್ಪು ಮೆತ್ತಿದ್ದ ಜಾಗದಲ್ಲೇ ಗಡ್ಡೆ ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಹರಡಿರಲಿಲ್ಲ. ಬಲಭಾಗದ ಕರುಳು ತೆಗೆದು ಜೋಡಿಸಿದರು. ಇಂಥ ಆಪರೇಷನ್‌ನಲ್ಲಿ ಕ್ಯಾನ್ಸರ್ ಹರಡಿದೆಯಾ ಅಂತ ನೋಡಲು ಕನಿಷ್ಠ 12 ದುಗ್ಧಗ್ರಂಥಿಗಳನ್ನಾದರೂ (ಲಿಂಫ್ ನೋಡ್) ಪರೀಕ್ಷಿಸಬೇಕು. ಅವರದ್ದರಲ್ಲಿ ಒಂದರಲ್ಲೂ ಕ್ಯಾನ್ಸರ್ ಇರಲಿಲ್ಲ, ಗಡ್ಡೆ ಕರುಳಿನ ಗೋಡೆಯನ್ನೂ ದಾಟಿರಲಿಲ್ಲ. ಕೀಮೋ ಬೇಕಾಗಲಿಲ್ಲ.

ಈಗ ನಾನು "ಔಷಧಿ" ಅನ್ನುವ ಪದವನ್ನೇ ಬಳಸುವುದಿಲ್ಲ. "ದಿನಾ ಬಾಯಿಗೆ ಹಾಕುವ ಮಾತ್ರೆ, ಟಾನಿಕ್, ಪುಡಿ, ಎಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ" ಅನ್ನುತ್ತೇನೆ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಸಿಕ್ಕರೆ ಡಾಕ್ಟರ್ ಹತ್ತಿರ ಕಳಿಸುತ್ತೇನೆ, ಅವನ್ನು ಸುಮ್ನೆ ತಾವೇ ನಿಲ್ಲಿಸುವ ಹಾಗಿಲ್ಲ. ಪರೀಕ್ಷೆಯ ಬೆಳಿಗ್ಗೆ ಮನೆ ಬಿಡುವ ಮುಂಚೆ ಫೋನ್ ಮಾಡಿ, "ಕೊನೇ ಸಲ ಹೋದಾಗ ಯಾವ ಬಣ್ಣ ಇತ್ತು?" ಅಂತ ಕೇಳುತ್ತೇನೆ. ತಿಳಿ ಹಳದಿ ನೀರು ಅಂದರೆ ಹೊರಡಿ ಅನ್ನುತ್ತೇನೆ.