ಪತ್ತನಾಜೆ ಕಳೆಯಿತು, ಸ್ಲ್ಯಾಬ್ ಆಗಲಿಲ್ಲ

25 ಮೇ 2025, ಭಾನುವಾರ
ಪರ್ಕಳ, ಉಡುಪಿ

ನಿನ್ನೆ ಪತ್ತನಾಜೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ. ನಿನ್ನೆಯೇ ಮುಂಗಾರು ಕೇರಳಕ್ಕೆ ಬಂತು ಎಂದು ಹವಾಮಾನ ಇಲಾಖೆ ಹೇಳಿತು. ಜೂನ್ 1ಕ್ಕೆ ಬರಬೇಕಾದದ್ದು ಎಂಟು ದಿನ ಮೊದಲೇ ಬಂದಿದೆ. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಮೊದಲಂತೆ. ನಮ್ಮಲ್ಲಿ ಅದಕ್ಕೂ ಮುಂಚೆಯೇ ಮಳೆ ಹಿಡಿದಿದೆ. ಪತ್ತನಾಜೆಗೆ ಹತ್ತು ಹನಿಯಾದರೂ ಬೀಳಬೇಕು ಎಂದು ಅತ್ತೆ ಪ್ರತಿ ವರ್ಷ ಹೇಳುತ್ತಾರೆ. ಈ ಸಲ ಏನೂ ಹೇಳಲಿಲ್ಲ, ನನ್ನ ಮುಖ ನೋಡಿ ಸುಮ್ಮನಾದರು.

ನಾವು ಕಟ್ಟಿಸುತ್ತಿರುವ ಮನೆಗೆ ಸಂಕ್ರಾಂತಿ ಕಳೆದ ಕೂಡಲೇ ಸ್ಲ್ಯಾಬ್, ಮೇ ಕೊನೆಗೆ ಒಕ್ಕಲು, ಅಂದರೆ ಗೃಹಪ್ರವೇಶ. ಇದು ಕಂಟ್ರಾಕ್ಟರರೇ ಹೇಳಿದ ಲೆಕ್ಕ. ಆಮೇಲೆ ಹೊಯ್ಗೆ (ಮರಳು) ಇಲ್ಲ ಅಂದರು. ಅದು ಪೂರ್ತಿ ಸುಳ್ಳಲ್ಲ, ನಮ್ಮ ಜಿಲ್ಲೆಯಲ್ಲಿ ಹೊಯ್ಗೆಯದ್ದು ಯಾವಾಗಲೂ ಒಂದು ರಗಳೆಯೇ. ನಂತರ ಕೆಲಸದವರು ಊರಿಗೆ ಹೋದರು. ನಂತರ ಕಂಟ್ರಾಕ್ಟರರ ಕುಟುಂಬದ ಮನೆಯಲ್ಲಿ ಭೂತಕೋಲ. ಕೋಲ ಅಂದ ಮೇಲೆ ಎದುರು ಮಾತಾಡಲಿಕ್ಕುಂಟಾ? ಪತ್ತನಾಜೆಗೆ ಕೋಲ, ಯಕ್ಷಗಾನದ ಆಟ ಎಲ್ಲ ಮುಗಿಯುತ್ತದೆ. ಕೋಲದ ನೆಪ ಮುಗಿದ ದಿನವೇ ಮಳೆಯ ನೆಪ ಶುರುವಾಯಿತು!

ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು, ಸೈಟಿಗೆ ಹೋದೆವು. ಸ್ಲ್ಯಾಬಿನ ಅಚ್ಚಿಗೆ ಸೆಂಟ್ರಿಂಗ್ ಶೀಟ್ ಹಾಸಿದ್ದಾರೆ, ಕಬ್ಬಿಣ ಅರ್ಧ ಕಟ್ಟಿದ್ದಾರೆ. ಬೀಮಿನ ಒಳಗೆ ನೀರು ನಿಂತಿದೆ. ಅದರಲ್ಲಿ ಹಲಸಿನ ಎಲೆ, ತುಂಡು ಬೈಂಡಿಂಗ್ ವಯರ್, ಯಾರೋ ಬಿಸಾಡಿದ ಗುಟ್ಕಾ ಪ್ಯಾಕೆಟ್. ಸರಳು ಮುಟ್ಟಿದರೆ ಬೆರಳು ಕೆಂಪಾಗುತ್ತದೆ. ಇಂಜಿನಿಯರಿಗೆ ಫೋಟೋ ಕಳಿಸಿದೆ. ಪುಡಿ ತುಕ್ಕಾದರೆ ಹೆದರುವುದು ಬೇಡ, ಪದರ ಪದರವಾಗಿ ಹೊಪ್ಪಳೆ ಎದ್ದರೆ ವಯರ್ ಬ್ರಷ್ ಹಾಕಿ ಉಜ್ಜಿಸಿ ಅಂದರು. ಶೆಡ್ಡಿನಲ್ಲಿ ನೆಲಕ್ಕೆ ತಾಗಿದ್ದ ಸಿಮೆಂಟ್ ಚೀಲಗಳಲ್ಲಿ ಗಡ್ಡೆ ಕಟ್ಟಿದೆ, ಕೈಯಲ್ಲಿ ಒತ್ತಿದರೆ ಒಡೆಯುವುದಿಲ್ಲ. ಅದು ಸ್ಲ್ಯಾಬಿಗೆ ಬೇಡವೆಂದು ಬೇರೆ ಇಡಿಸಿದೆ.

ಅಷ್ಟರಲ್ಲಿ ಕಂಟ್ರಾಕ್ಟರ್ ಕೊಡೆ ಹಿಡಿದು ಬಂದರು. "ಮಳೆ ಅಲ್ವಾ ಟೀಚರೇ, ನಾನೆಂತ ಮಾಡ್ಲಿ?"

"ಮಳೆ ಬಂದದ್ದು ಈಗ. ಜನವರಿಯಲ್ಲಿ ಎಂತ ಇತ್ತು?"

ನಕ್ಕರು. ಅವರಿಗೆ ಸಿಟ್ಟೇ ಬರುವುದಿಲ್ಲ, ಅದೇ ಕಷ್ಟ.

ನಿಜವಾದ ವಿಷಯ ನನಗೆ ಕಳೆದ ತಿಂಗಳು ಹಿರಿಯಡಕದ ಹತ್ತಿರ ಅವರ ಇನ್ನೊಂದು ಸೈಟ್ ನೋಡಿದಾಗ ಗೊತ್ತಾಯಿತು. ಅಲ್ಲಿ ಹೊಯ್ಗೆ ರಾಶಿ ಬಿದ್ದಿತ್ತು. ನಮ್ಮ ಆಳುಗಳೇ ಪಾಯ ಕಟ್ಟುತ್ತಿದ್ದರು. ಲಿಂಟಲ್‌ವರೆಗಿನ ಕಂತು ನಾವು ಕೊಟ್ಟಾಗಿದೆ, ಮುಂದಿನದ್ದು ಸ್ಲ್ಯಾಬ್ ಆದ ಮೇಲೆ. ಆದರೆ ನಡುವೆ ಕಬ್ಬಿಣ, ಜಲ್ಲಿ, ಸಿಮೆಂಟ್, ಶೀಟಿನ ಬಾಡಿಗೆ ಎಲ್ಲ ಒಟ್ಟಿಗೆ ಅವರ ಕೈಯಿಂದ ಹೋಗಬೇಕು. ಪಾಯವಾದರೆ ಖರ್ಚು ಕಡಿಮೆ, ಕಂತು ಬೇಗ. ಆಳುಗಳು ಎಲ್ಲಿಗೆ ಹೋಗುತ್ತಾರೆ ಹೇಳಿ?

ಇತ್ತ ಬ್ಯಾಂಕಿನವರು ಬಿಟ್ಟಷ್ಟು ಸಾಲಕ್ಕೆ ಬಡ್ಡಿ, ಅತ್ತ ಮನೆ ಬಾಡಿಗೆ. ಕೇಸು ಹಾಕಿ ಅಂತಾರೆ ಭಾವ. ನಮ್ಮಂಥ ಒಂಟಿ ಮನೆಗೆ ರೇರಾ (ರಿಯಲ್ ಎಸ್ಟೇಟ್ ಕಾಯ್ದೆ) ಬರುವುದಿಲ್ಲ, ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಸರಿ. ಕೇಸು ಹಾಕಿದ ಮೇಲೆ ಉಳಿದ ಮನೆ ಯಾರು ಕಟ್ಟುತ್ತಾರೆ? ಒಬ್ಬರು ಅರ್ಧ ಮಾಡಿಟ್ಟ ಕೆಲಸಕ್ಕೆ ಇನ್ನೊಬ್ಬರು ಸುಲಭದಲ್ಲಿ ಕೈ ಹಾಕುವುದಿಲ್ಲ.

ಹಾಗಾಗಿ ಇವತ್ತು ಅಲ್ಲೇ ಸಿಮೆಂಟ್ ಚೀಲದ ಮೇಲೆ ಕೂತು ಸ್ಲ್ಯಾಬಿನ ಕಂತನ್ನು ಮೂರು ಪಾಲು ಮಾಡಿದೆವು. ಕಬ್ಬಿಣ ಪೂರ್ತಿ ಕಟ್ಟಿ ಇಂಜಿನಿಯರ್ ನೋಡಿದ ಮೇಲೆ ಒಂದು. ಕಾಂಕ್ರೀಟ್ ಹಾಕಿದ ದಿನ ಒಂದು. ಕೊನೆಯದ್ದು ಶೀಟ್ ಬಿಚ್ಚಿದ ಮೇಲೆ. ಕೊನೆಯದ್ದಕ್ಕೆ ಅವರು ತುಂಬ ಚೌಕಾಸಿ ಮಾಡಿದರು. ಇನ್ನೊಂದು ಸೈಟಿಗೆ ಶೀಟ್ ಬೇಕಂತೆ, ವಾರಕ್ಕೇ ಬಿಚ್ಚುತ್ತಾರಂತೆ. ಇಷ್ಟು ತಿಂಗಳು ಕಾಯಿಸಿದವರಿಗೆ ಆಗ ಅವಸರ! ನಮ್ಮ ಹಾಲ್ ನಾಲ್ಕೂವರೆ ಮೀಟರ್‌ಗಿಂತ ಜಾಸ್ತಿ ಅಗಲ. ಕಾಂಕ್ರೀಟ್ ಕೆಲಸದ ಮಾನದಂಡ ಐಎಸ್ 456 ಪ್ರಕಾರ ಸ್ಲ್ಯಾಬಿಗೆ ಅಡಿಯಿಂದ ಆಧಾರ ಕೊಟ್ಟ ಜಾಕಿ ಕಡಿಮೆಯೆಂದರೂ 14 ದಿನ ಇರಬೇಕು, ಅದಕ್ಕಿಂತ ಸಣ್ಣ ಕೋಣೆಗಾದರೆ 7. ಇಂಜಿನಿಯರ್ ಫೋನಿನಲ್ಲೇ ಹೇಳಿದ ಮೇಲೆ ಒಪ್ಪಿದರು. ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು.

ಹೊರಡುವಾಗ "ಟರ್ಪಾಲಿಗೆ ಸ್ವಲ್ಪ ಅಡ್ವಾನ್ಸ್ ಕೊಡ್ತೀರಾ ಟೀಚರೇ" ಅಂದರು. ನಮ್ಮ ಯಜಮಾನರು ಪೇಟೆಗೆ ಹೋಗಿ ಟರ್ಪಾಲನ್ನೇ ತಂದರು. ಬಿಲ್ ನನ್ನ ಹತ್ತಿರ ಉಂಟು, ಮೊದಲ ಪಾಲಿನಲ್ಲಿ ಕಳೆಯುವುದು.

ಸಂಜೆ ಭಟ್ರಿಗೆ ಫೋನ್ ಮಾಡಿದೆ. ಜುಲೈ ನಡುವಿನಿಂದ ತುಳುವರ ಆಟಿ ತಿಂಗಳು, ಆಗ ಒಕ್ಕಲಿನ ಮಾತಿಲ್ಲ. ದೀಪಾವಳಿ ಕಳೆದು ಒಂದು ದಿನ ನೋಡಿ ಹೇಳ್ತೀರಾ ಅಂತ ಕೇಳಿದೆ.

"ಕಂಟ್ರಾಕ್ಟರ್ ಯಾರು?" ಅಂದರು. ಹೇಳಿದೆ.

"ಮೊದಲು ಸ್ಲ್ಯಾಬ್ ಹಾಕಿಸಿ ಮಾರಾಯ್ರೆ. ಆಮೇಲೆ ಪಂಚಾಂಗ ತೆಗೆಯುವ."